ಡೀಸೆಲ್ ಡ್ರಮ್ಮಿನ ದ್ವೀಪಕ್ಕೆ ಊರಿನದೇ ಸೋಲಾರ್ ತರುವುದು ಹೇಗೆ?

ಪೆಸಿಫಿಕ್ ಸಾಗರದ ಟೊಕೆಲಾವ್‌ಗೆ ವಿಮಾನ ಹೋಗುವುದಿಲ್ಲ. ಸಮೋವಾದ ಅಪಿಯಾದಲ್ಲಿ ಹಡಗು ಹತ್ತಿದರೆ ಒಂದು ದಿನಕ್ಕೂ ಜಾಸ್ತಿ ಪ್ರಯಾಣ. ಮೂರು ಹವಳ ದ್ವೀಪ, ಸುಮಾರು 1,500 ಜನ. ಹಡಗು ಕಟ್ಟಲು ಬಂದರೂ ಇಲ್ಲ. ಡೀಸೆಲ್ ಡ್ರಮ್ಮುಗಳನ್ನು ಸಣ್ಣ ದೋಣಿಗೆ ಇಳಿಸಿ ದಡ ಸೇರಿಸಬೇಕಿತ್ತು. 2012ರಲ್ಲಿ ನ್ಯೂಜಿಲೆಂಡ್ ನೆರವಿನಿಂದ ಅಲ್ಲಿ 4,032 ಪ್ಯಾನೆಲ್, 1,344 ಬ್ಯಾಟರಿ ಬಂದವು. ಕೆಲವೇ ತಿಂಗಳಲ್ಲಿ ಮೂರೂ ದ್ವೀಪಗಳಿಗೆ ಸೂರ್ಯನೇ ಕರೆಂಟು ಕೊಡತೊಡಗಿದ.

ಇಂಥ ಕೆಲಸ ಶುರುವಾಗುವುದು ಪ್ಯಾನೆಲ್‌ನಿಂದಲ್ಲ, ನೋಟ್‌ಬುಕ್ಕಿನಿಂದ. ಮನೆಮನೆಗೆ ಹೋಗಿ ಯಾವ ಹೊತ್ತಿಗೆ ಏನು ಉರಿಯುತ್ತದೆ ಎಂದು ಬರೆದುಕೊಳ್ಳಿ. ಒಂದು ಉದಾಹರಣೆ ನೋಡೋಣ. 100 ಮನೆ, ಮನೆಗೆ ದಿನಕ್ಕೆ 3 ಯೂನಿಟ್ ಅಂದರೆ 300 ಯೂನಿಟ್. ಬಿಸಿಲಿನ ನಾಡಿನಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಹಾಗಾಗಿ 75 ಕಿಲೋವ್ಯಾಟ್ ಬೇಕು. ಬ್ಯಾಟರಿ, ಇನ್‌ವರ್ಟರ್‌ಗಳಲ್ಲಿ ಸೋರಿಹೋಗುವುದು, ಮೋಡದ ದಿನಗಳು ಇವೆಲ್ಲ ಸೇರಿಸಿ 100 ಎಂದಿಟ್ಟುಕೊಳ್ಳಿ.

ಬ್ಯಾಟರಿಯಲ್ಲಿ ಜಿಪುಣತನ ಬೇಡ. ಬಳಕೆಯಲ್ಲಿ ಅರ್ಧ ರಾತ್ರಿಯದು ಎಂದರೆ 150 ಯೂನಿಟ್. ಸೀಸದ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಅಂದರೆ ಒಂದೇ ರಾತ್ರಿಗೆ 300 ಯೂನಿಟ್‌ನ ಬ್ಯಾಟರಿ! ಲಿಥಿಯಂ ಆದರೆ ಇಷ್ಟು ಬೇಡ, ಬೆಲೆ ಮಾತ್ರ ಬೇರೆ.

ಆಮೇಲೆ ಜಾಗ. ಹವಳ ದ್ವೀಪದಲ್ಲಿ ತೆಂಗಿನ ತೋಟ, ಮನೆ ಬಿಟ್ಟರೆ ಉಳಿಯುವ ನೆಲ ಅಷ್ಟಕ್ಕಷ್ಟೆ. ಯಾರ ಜಮೀನು ಎಂಬ ಮಾತು ಮೊದಲೇ ಇತ್ಯರ್ಥವಾಗಲಿ. ಟೊಕೆಲಾವ್‌ನಲ್ಲಿ ಇಂಥ ತೀರ್ಮಾನ ಊರ ಹಿರಿಯರ ಸಭೆಯದು, ಅದನ್ನು ತೌಪುಲೆಗ ಎನ್ನುತ್ತಾರೆ. ಇನ್ನೊಂದು ವಿಷಯ: ನಾವು ಪ್ಯಾನೆಲ್ಲನ್ನು ತೆಂಕಣಕ್ಕೆ ಮುಖ ಮಾಡಿ ನಿಲ್ಲಿಸುತ್ತೇವೆ. ಸಮಭಾಜಕದ ಕೆಳಗಿರುವ ಅವರದು ಬಡಗಣಕ್ಕೆ. ನಮ್ಮೂರಿನ ನಕ್ಷೆ ಹಿಡಿದು ಹೋದವನು ಅಲ್ಲಿ ಕೆಟ್ಟ!

ಉಪ್ಪುಗಾಳಿ ಕಬ್ಬಿಣವನ್ನು ತಿಂದುಹಾಕುತ್ತದೆ. ಚೌಕಟ್ಟು ಅಲ್ಯೂಮಿನಿಯಂ, ಬೋಲ್ಟು ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಎರಡು ಲೋಹ ತಾಗುವಲ್ಲಿ ನಡುವೆ ಪ್ಲಾಸ್ಟಿಕ್ ವಾಷರ್ ಹಾಕಿ. ಚಂಡಮಾರುತದ ಜಾಗವಾದರೆ ಅಡಿಪಾಯ ಆಳಕ್ಕೆ ಹೋಗಲಿ. ಹಳೆಯ ಜನರೇಟರನ್ನು ಸುಮ್ನೆ ಗುಜರಿಗೆ ಹಾಕಬೇಡಿ. ನಾಲ್ಕು ದಿನ ಮೋಡ ಕವಿದರೆ ಅದೇ ಆಪದ್ಬಾಂಧವ.

ನನ್ನ ಕೇಳಿದರೆ ನಿಜವಾದ ತಲೆನೋವು ಹಂಚಿಕೆಯದು. ಕರೆಂಟು ಬಂದ ಮೇಲೆ ಫ್ರೀಜರ್ ಬರುತ್ತದೆ, ಆಮೇಲೆ ಇನ್ನೊಂದು. ನೋಟ್‌ಬುಕ್ಕಿನ ಲೆಕ್ಕ ತಲೆಕೆಳಗಾಗುತ್ತದೆ. ಇದಕ್ಕೆ ಸ್ಕಾಟ್‌ಲೆಂಡಿನ ಐಗ್ ದ್ವೀಪದವರು ಚೆಂದದ ದಾರಿ ಹುಡುಕಿದ್ದಾರೆ. 1997ರಲ್ಲಿ ಜನರೇ ತಮ್ಮ ದ್ವೀಪವನ್ನು ಕೊಂಡುಕೊಂಡರು. 2008ರ ಫೆಬ್ರವರಿಯಲ್ಲಿ ನೀರು, ಗಾಳಿ, ಬಿಸಿಲು ಮೂರನ್ನೂ ಸೇರಿಸಿ ತಮ್ಮದೇ ಕರೆಂಟು ಕಂಪನಿ ಶುರು ಮಾಡಿದರು. ಅಲ್ಲಿಯವರೆಗೆ ಮನೆಗೊಂದು ಡೀಸೆಲ್ ಜನರೇಟರ್ ಗುಡುಗುತ್ತಿತ್ತು.

ಅವರ ನಿಯಮ ಸರಳ. ಮನೆಗೆ ಒಂದೇ ಸಲಕ್ಕೆ 5 ಕಿಲೋವ್ಯಾಟ್, ಅಂಗಡಿ ಮುಂಗಟ್ಟಿಗೆ 10. ಬಡವ, ಶ್ರೀಮಂತ ಎಲ್ಲರಿಗೂ ಇಷ್ಟೇ. ಕೆಟಲ್, ವಾಷಿಂಗ್ ಮಷೀನ್, ಹೀಟರ್ ಎಲ್ಲ ಒಟ್ಟಿಗೆ ಹಾಕಿ ಮಿತಿ ದಾಟಿದರೆ ಮನೆ ಕತ್ತಲು. ಮತ್ತೆ ಬೆಳಕು ಬೇಕಾದರೆ ದಂಡ ಕಟ್ಟಬೇಕು. ಹಾಗಾಗಿ ಅಲ್ಲಿನ ಅಡುಗೆಮನೆಯಲ್ಲಿ ಮೀಟರ್ ನೋಡಿ ಸ್ವಿಚ್ ಹಾಕುವುದು ಅಭ್ಯಾಸವಾಗಿದೆ. ರಿಪೇರಿಯೂ ದ್ವೀಪದವರದೇ. ದೂರದಿಂದ ಮೆಕ್ಯಾನಿಕ್ ಬರಲಿ ಎಂದು ಕಾಯುತ್ತ ಕೂತರೆ ಆಗುತ್ತದಾ? ಇಬ್ಬರು ಮೂವರಿಗೆ ತರಬೇತಿ ಕೊಡಿ, ಸಂಬಳವನ್ನು ಕರೆಂಟು ಬಿಲ್ಲಿನಿಂದಲೇ ತೆಗೆದಿಡಿ. ಬ್ಯಾಟರಿ ಬದಲಿಸುವ ಹಣವನ್ನೂ ಮೊದಲ ತಿಂಗಳಿಂದಲೇ ಎತ್ತಿಡಿ.

ಕೊನೆಗೆ ಮಿಕ್ಕ ಕರೆಂಟು. ಬ್ಯಾಟರಿ ತುಂಬಿದ ಮೇಲೂ ಉತ್ಪಾದನೆ ನಿಲ್ಲದಿದ್ದರೆ ಐಗ್‌ನವರು ಊರಿನ ಸಭಾಂಗಣದ ಹೀಟರುಗಳಿಗೆ ಅದನ್ನು ಬಿಡುತ್ತಾರೆ. ಜೋರು ಮಳೆಗಾಳಿ ಹೊಡೆಯುವ ದಿನ ಸಭಾಂಗಣ ಬೆಚ್ಚಗಿರುತ್ತದೆ.