ಕವಳದ ಜಗಳ: ಉಗುಳು, ಕಲೆ, ಮಾತು

ಮಲೆನಾಡಿನಲ್ಲಿ ಕವಳ ಹಾಕುವುದನ್ನು, ಅಂದರೆ ಎಲೆ, ಅಡಿಕೆ, ಸುಣ್ಣ ಸೇರಿಸಿ ಜಗಿಯುವುದನ್ನು, ಚಟ ಅಂತ ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಊಟವಾದ ಮೇಲೆ ಬಂದವರ ಮುಂದೆ ಎಲೆ ಅಡಿಕೆ ತಟ್ಟೆ ಸರಿಸದಿದ್ದರೆ ಅದೇ ಒಂದು ಕೊರತೆ. ಹಾಗಾಗಿ ಇದರ ಮೇಲೆ ಗಂಡ ಹೆಂಡತಿಗೆ ಮನಸ್ತಾಪ ಬಂದಾಗ ಹಾಕುವವರಿಗೆ ‘ಇದರಲ್ಲಿ ತಪ್ಪೇನು’ ಅನ್ನಿಸುತ್ತದೆ, ತೊಳೆಯುವವರಿಗೆ ‘ಇನ್ನು ಸಾಕು’ ಅನ್ನಿಸುತ್ತದೆ.

ಈ ಜಗಳದಲ್ಲಿ ಮೂರು ಸಂಗತಿ ಕಲಸಿಕೊಂಡಿರುತ್ತವೆ. ಉಗಿದದ್ದನ್ನು ತೊಳೆಯುವವರು ಯಾರು, ಕರೆದರೆ ಉತ್ತರ ಬರುವುದಿಲ್ಲ, ಮತ್ತು ಕ್ಯಾನ್ಸರಿನ ಭಯ. ಮೂರನ್ನೂ ಒಂದೇ ಉಸಿರಿಗೆ ಎತ್ತಿದರೆ ಒಂದೂ ಬಗೆಹರಿಯುವುದಿಲ್ಲ. ತೊಳೆಯುವ ವಿಷಯದಿಂದ ಶುರುಮಾಡಿ, ಅದನ್ನು ಒಂದು ವಾರದಲ್ಲಿ ದಾರಿಗೆ ತರಬಹುದು.

ಉಗುಳುವ ಜಾಗ

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಜೊಲ್ಲು ಹೆಚ್ಚಿಸುತ್ತದೆ. ಹಾಕಿದ ಸ್ವಲ್ಪ ಹೊತ್ತಿಗೇ ಬಾಯಿ ತುಂಬುತ್ತದೆ, ಆಗ ಹತ್ತಿರ ಕಂಡ ಕಿಟಕಿಯೇ ಗತಿ. ಎರಡು ದಿನ ಮನೆ ಸುತ್ತ ಎಲ್ಲೆಲ್ಲಿ ಕೆಂಪಾಗಿದೆ ನೋಡಿ. ಜಗಲಿಯ ಕುರ್ಚಿ ಪಕ್ಕದ ಕಿಟಕಿ, ಬಚ್ಚಲಿನ ಮೂಲೆ, ಹೀಗೆ ಎರಡು ಮೂರೇ ಜಾಗ ಇರುತ್ತವೆ. ಪಾತ್ರೆ ಅಲ್ಲೇ ಇಡಬೇಕು, ಕುಳಿತಲ್ಲಿಂದ ಕೈಗೆ ಎಟುಕುವಂತೆ. ‘ಅಂಗಳದ ತುದಿಗೆ ಹೋಗಿ ಉಗುಳಿ’ ಅಂದರೆ ಆಷಾಢದ ಮಳೆಯಲ್ಲಿ ಯಾರೂ ಹೋಗುವುದಿಲ್ಲ.

ಸುಮಾರು ಒಂದು ಲೀಟರು ಹಿಡಿಯುವ, ಮುಚ್ಚಳವಿರುವ ಸ್ಟೀಲ್ ಡಬ್ಬಿ ಸಾಕು. ಬಾಯಿ ಒಂದು ಅಂಗೈಯಷ್ಟಾದರೂ ಅಗಲವಿರಲಿ. ಬಾಟಲಿ ಇಟ್ಟರೆ ಅದರ ಕಂಠದ ಮೇಲೆಲ್ಲ ಸುರಿದು, ಅದನ್ನು ತೊಳೆಯುವ ಕೆಲಸ ಬೇರೆ ಸೇರುತ್ತದೆ. ತಳಕ್ಕೆ ಎರಡು ಬೆರಳಷ್ಟು ಎತ್ತರಕ್ಕೆ ಬಚ್ಚಲೊಲೆಯ ಆರಿದ ಬೂದಿ ಅಥವಾ ಒಣ ಮರಳು ಹಾಕಿ, ಸಿಡಿಯುವುದಿಲ್ಲ, ನಾತವೂ ಕಡಿಮೆ. ಅಡಿಕೆ ಹಾಳೆಯನ್ನು ಮಡಿಚಿ ಕೊಟ್ಟೆ ಮಾಡಿ ಬೂದಿ ಹಾಕಿಟ್ಟರೆ ಇನ್ನೂ ಸಲೀಸು, ಸಂಜೆ ಹಾಳೆ ಸಮೇತ ಗೊಬ್ಬರಗುಂಡಿಗೆ ಹಾಕಬಹುದು. ವಾಷ್ ಬೇಸಿನ್‌ಗೆ ಮಾತ್ರ ಬೇಡ. ಜಗಿದ ಹಿಪ್ಪೆ ಪೈಪಿನ ಬಾಗಿನಲ್ಲಿ ಕೂತು ನೀರು ಕಟ್ಟುತ್ತದೆ.

ಇಷ್ಟರಲ್ಲಿ ಗಟ್ಟಿಯಾಗಿ ಹಿಡಿಯಬೇಕಾದ ಮಾತು ಒಂದೇ: ಡಬ್ಬಿ ಖಾಲಿ ಮಾಡಿ ತೊಳೆಯುವುದು ಕವಳ ಹಾಕುವವರ ಕೆಲಸ. ಗಂಡನಾದರೂ ಅಷ್ಟೇ, ಹೆಂಡತಿಯಾದರೂ ಅಷ್ಟೇ. ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ಹಾಕುವ ವಯಸ್ಸಾದ ಅತ್ತೆಯದನ್ನು ಮಗ ತೊಳೆಯಲಿ, ಸೊಸೆಯ ತಲೆಗೆ ಕಟ್ಟಬೇಡಿ. ಈ ಒಂದು ಬದಲಾವಣೆಗೆ ಅರ್ಧ ಜಗಳ ತಣ್ಣಗಾಗುತ್ತದೆ.

ಕಲೆ

ಕವಳದ ಕೆಂಪು ಬರುವುದು ಅಡಿಕೆಯ ಚೊಗರು ಸುಣ್ಣದ ಜೊತೆ ಸೇರಿದಾಗ. ಸುಣ್ಣದಂತೆ ಸೋಪೂ ಕ್ಷಾರ. ಹಾಗಾಗಿ ಬಿಳಿ ಪಂಚೆಯ ಮೇಲೆ ಬಿದ್ದ ಕಲೆಗೆ ತಕ್ಷಣ ಬಾರ್ ಸೋಪು ತಿಕ್ಕಿದರೆ ಬಣ್ಣ ಇನ್ನೂ ಗಾಢವಾಗುತ್ತದೆ. ಬಿಸಿನೀರು ಹಾಕಿದರೆ ನೂಲಿಗೆ ಕಚ್ಚಿಕೊಳ್ಳುತ್ತದೆ. ಮೊದಲು ಬಟ್ಟೆಯನ್ನು ತಿರುವಿ ಹಿಡಿದು, ಹಿಂಬದಿಯಿಂದ ತಣ್ಣೀರು ಬಿಡಿ. ಆಮೇಲೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿ ಹದಿನೈದು ನಿಮಿಷ ಬಿಡಿ. ಕೆಂಪು ಹೋಗಿ ಹಳದಿ ಮಿಶ್ರಿತ ಕಂದು ಉಳಿಯುತ್ತದೆ. ಚೆನ್ನಾಗಿ ಜಾಲಿಸಿ, ಹುಳಿ ಮಜ್ಜಿಗೆಯಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸೋಪು ಹಾಕಿ. ಬೇಸಿಗೆಯಲ್ಲಾದರೆ ಬಿಸಿಲಿಗೆ ಹರವಿದರೆ ಉಳಿದದ್ದೂ ಮಾಸುತ್ತದೆ. ಮಳೆಗಾಲದಲ್ಲಿ ಆ ಅನುಕೂಲವಿಲ್ಲ. ಬಿಳಿ ಹತ್ತಿ ಬಟ್ಟೆಯಾದರೆ ಮೆಡಿಕಲ್ ಶಾಪಿನಲ್ಲಿ ಸಿಗುವ 3% ಹೈಡ್ರೋಜನ್ ಪೆರಾಕ್ಸೈಡ್ ಕಲೆಯ ಮೇಲಷ್ಟೇ ಹಚ್ಚಿ, ಹತ್ತು ನಿಮಿಷಕ್ಕೆ ತೊಳೆಯಿರಿ. ಬಣ್ಣದ ಬಟ್ಟೆಗೆ, ರೇಷ್ಮೆಗೆ ಇದು ಬೇಡ.

ಕೆಂಪು ಗಾರೆ ನೆಲಕ್ಕೆ ನಿಂಬೆರಸವನ್ನೂ ಹಾಕಬೇಡಿ, ಆಸಿಡ್ಡನ್ನೂ ಹಾಕಬೇಡಿ. ಹುಳಿ ಸಿಮೆಂಟನ್ನು ತಿಂದು ಹೊಳಪು ಹೋಗಿಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ತಕ್ಷಣ ಒರೆಸುವುದೇ ಸರಿ.

ಗೋಡೆಯ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಹಬ್ಬದ ಮುಂಚೆ ಕಲೆಯ ಮೇಲೆಯೇ ಸುಣ್ಣ ಬಳಿಯುವುದು. ಹಸಿ ಸುಣ್ಣ ತಗುಲಿದ ಕೂಡಲೇ ಹಳೆಯ ಕಲೆ ಮತ್ತೆ ಕೆಂಪಾಗಿ ಮೇಲೆ ಬರುತ್ತದೆ. ಕಲೆಯಾದ ಪದರವನ್ನು ಕೆರೆದು ತೆಗೆದು ಬಳಿಯಬೇಕು. ಪೇಂಟಿನ ಗೋಡೆಯಾದರೆ ಕೆರೆದು, ಒಂದು ಕೋಟ್ ಆಯಿಲ್ ಪ್ರೈಮರ್ ಕೊಟ್ಟು, ಪೂರ್ತಿ ಒಣಗಿದ ಮೇಲೆ ಬಣ್ಣ. ಜಂಬಿಟ್ಟಿಗೆಯ ಗೋಡೆ ರಸವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಅಲ್ಲಿ ಬಿದ್ದದ್ದು ಹೋಗುವುದು ಕಷ್ಟ.

ಮಾತು

ಕವಳ ಬಾಯಲ್ಲಿದ್ದವರು ಗದ್ದ ಮೇಲೆತ್ತಿ, ರಸ ಸುರಿಯದಂತೆ ‘ಉಂ, ಉಂ’ ಅನ್ನುತ್ತಾರೆ. ಕೇಳಿದವರಿಗೆ ಅದು ಉಡಾಫೆಯಂತೆ ಕೇಳಿಸುತ್ತದೆ. ದುಡ್ಡಿನ ಮಾತು, ಮಕ್ಕಳ ಶಾಲೆಯ ಮಾತು, ತವರಿನ ಮಾತನ್ನು ಆ ಹೊತ್ತಿನಲ್ಲಿ ಎತ್ತಬೇಡಿ. ಬೆಳಗಿನ ಕಾಫಿಗೂ ಮೊದಲ ಕವಳಕ್ಕೂ ನಡುವಿನ ಹತ್ತು ನಿಮಿಷ ಮಾತಿಗೆ ಒಳ್ಳೆಯದು. ಹಾಕುವವರೂ, ಹೆಂಡತಿ ಬಂದು ಎದುರು ನಿಂತರೆ, ಎದ್ದು ಉಗಿದು ಬಾಯಿ ಮುಕ್ಕಳಿಸಿ ‘ಏನು ಹೇಳು’ ಅನ್ನಲಿ. ನೆಂಟರೆದುರು ‘ಇವರಿಗೆ ಕೊಡಬೇಡಿ’ ಅಂತ ತಟ್ಟೆ ಎಳೆದುಕೊಳ್ಳಬೇಡಿ, ಆ ಅವಮಾನ ತಿಂಗಳುಗಟ್ಟಲೆ ಉಳಿಯುತ್ತದೆ.

ಕಾಯಿಲೆಯ ಮಾತು

ಅಡಿಕೆಯಿಂದಲೇ ಬದುಕುವ ಸೀಮೆಯಲ್ಲಿ ಹೇಳುವುದು ಕಷ್ಟ, ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಇಲ್ಲದ ಕವಳವನ್ನೂ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ಇದನ್ನು ನೆಲ ಒರೆಸುವಾಗ ಸಿಟ್ಟಿನಲ್ಲಿ ಎಸೆದರೆ ಬೈಗುಳವಾಗುತ್ತದೆ. ಬೇರೆ ದಿನ, ಕನ್ನಡಿ ಮುಂದೆ ಜೊತೆಗೆ ನಿಂತು ನೋಡಿ: ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿದರೆ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಹಿಡಿಯುತ್ತವೆಯೇ? ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಖಾರ ತಿಂದರೆ ಉರಿ ಇದೆಯೇ? ಬೆರಳು ಹಿಡಿಯದಿದ್ದರೆ, ಅಥವಾ ಇವುಗಳಲ್ಲಿ ಒಂದಿದ್ದರೂ ಅದೇ ವಾರ ದಂತವೈದ್ಯರಿಗೆ ತೋರಿಸಿ, ಜೊತೆಗೆ ಹೋಗಿ.

ಬಿಡಲು ಮನಸ್ಸಿದ್ದರೆ ಮೊದಲು ಬಿಡಬೇಕಾದದ್ದು ಹೊಗೆಸೊಪ್ಪು. ಅದರ ಚಟ ಗಟ್ಟಿ, ಮೊದಲ ಕೆಲವು ದಿನ ಸಿಡಿಮಿಡಿ, ನಿದ್ದೆಗೇಡು ಇರುತ್ತದೆ. ಆ ಸಿಟ್ಟನ್ನು ಮನೆಯವರು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356. ಊಟವಾದ ಮೇಲೆ ಬಾಯಿಗೆ ಏಲಕ್ಕಿ, ಲವಂಗ, ಸೋಂಪು ಇರಲಿ. ಎಲೆತಟ್ಟೆ ಜಗಲಿಯಿಂದ ಒಳಗಿನ ಕಪಾಟಿಗೆ ಹೋದರೆ ಅಭ್ಯಾಸಕ್ಕೆ ಕೈಹಾಕುವುದು ತಪ್ಪುತ್ತದೆ.

ಏನೂ ಬಿಡಲಾಗದವರು ಕೊನೇ ಪಕ್ಷ ದವಡೆಗೆ ಕವಳ ಒತ್ತರಿಸಿಕೊಂಡು ಮಲಗುವುದನ್ನು ಇವತ್ತೇ ನಿಲ್ಲಿಸಿ. ರಾತ್ರಿಯಿಡೀ ಒಂದೇ ಜಾಗಕ್ಕೆ ಸುಣ್ಣ, ಅಡಿಕೆ ಅಂಟಿಕೊಂಡಿರುತ್ತದೆ, ದಿಂಬಿನ ಹತ್ತಿಯವರೆಗೂ ರಸ ಇಳಿಯುತ್ತದೆ. ಹಾಸಿಗೆಯ ಪಕ್ಕ ಒಂದು ತಂಬಿಗೆ ನೀರು, ಮುಚ್ಚಳದ ಡಬ್ಬಿ ಇಟ್ಟುಕೊಂಡು, ದೀಪ ಆರಿಸುವ ಮುಂಚೆ ಮೂರು ಸಲ ಮುಕ್ಕಳಿಸಿ.