ಸತ್ತಿದೆ ಅಂದ ಇಂಜಿನ್ ಓಡಿಸೋದು, ಅದಕ್ಕೊಂದು ಘಾಟಿ ಕಟ್ಟೋದು

ಹಳೇ ಮಾಡೆಲ್ ರೈಲು ಮಾರೋರ ಹತ್ರ ಹೋದ್ರೆ ಮೊದಲು ಕೇಳ್ಸೋ ಮಾತು, "ಮೋಟರ್ ಹೋಗಿದೆ ಸಾರ್, ಶೋಕೇಸಲ್ಲಿ ಇಟ್ಕೊಳ್ಳಿ". ನಂಬಬೇಡಿ. ನನ್ನ ಕೈಗೆ ಬಂದ ಇಂಥ ಇಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ಮೋಟರ್ ಏನೂ ಆಗಿರ್ಲಿಲ್ಲ, ಇಪ್ಪತ್ತು ಮೂವತ್ತು ವರ್ಷ ಅಟ್ಟದ ಮೇಲೆ ಬಿದ್ದು ಎಣ್ಣೆ ಗಟ್ಟಿಯಾಗಿ ಅಂಟಿನ ಥರ ಆಗಿತ್ತು, ಚಕ್ರದ ಮೇಲೆ ಕಪ್ಪು ಕೂತಿತ್ತು, ಅಷ್ಟೇ. ಒಂದು ಸಂಜೆ ಕೂತು ಒರೆಸಿದ್ರೆ ಓಡುತ್ತೆ. ಹೊಸದು ಕೊಳ್ಳೋಕೆ ದುಡ್ಡಿಲ್ಲ ಅಂತ ಈ ಹವ್ಯಾಸದಿಂದ ದೂರ ನಿಂತಿರೋರಿಗೆ ಇದನ್ನ ಹೇಳ್ಲೇಬೇಕು ಅನ್ಸಿ ಬರೀತಿದ್ದೀನಿ.

ಕೊಳ್ಳೋ ಮುಂಚೆ ಅಳತೆ ಗೊತ್ತಿರ್ಲಿ. ಎಚ್‌ಓ ಅಂದ್ರೆ ನಿಜವಾದ ರೈಲಿನ 87ನೇ ಒಂದು ಭಾಗ, ಬ್ರಿಟನ್ನಿನ ಓಓ ಅಂದ್ರೆ 76ನೇ ಒಂದು ಭಾಗ, ಆದ್ರೆ ಎರಡೂ ಓಡೋದು 16.5 ಮಿಲಿಮೀಟರ್ ಅಗಲದ ಒಂದೇ ಹಳಿ ಮೇಲೆ. ಎನ್ ಅನ್ನೋದು ಇನ್ನೂ ಸಣ್ಣದು, 9 ಮಿಲಿಮೀಟರ್ ಹಳಿ. ಮೊದಲ ಸಲ ರಿಪೇರಿಗೆ ಕೈ ಹಾಕೋರು ಎಚ್‌ಓ ಅಥವಾ ಓಓ ತಗೊಳ್ಳಿ, ಎನ್ ಒಳಗೆ ನಮ್ಮ ಬೆರಳು ಹೋಗೋದೇ ಕಷ್ಟ. ಬ್ರಿಟನ್ನಿನ ಹಳೇ ಬ್ರಾಂಡ್ ಹಾರ್ನ್‌ಬಿ ಡಬ್ಲೋ ಆದ್ರೆ ಮಧ್ಯದಲ್ಲಿ ಮೂರನೇ ಹಳಿ ಬೇಕಾದ ಮಾಡೆಲ್ಲಾ ಅಂತ ನೋಡ್ಕೊಳ್ಳಿ, ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಹಳೇ ಎಚ್‌ಓ ಆದ್ರೆ ಅದು ಎಸಿ ಕರೆಂಟಿಂದು, ನಾವು ಸಾಮಾನ್ಯವಾಗಿ ಬಳಸೋ 12 ವೋಲ್ಟ್ ಡಿಸಿ ಎರಡು ಹಳಿಗೆ ಇವು ಹೊಂದಲ್ಲ. ಇನ್ನೊಂದು ವಿಷ್ಯ, ಎರಡನೇ ಮಹಾಯುದ್ಧಕ್ಕೂ ಮುಂಚಿನ ಎರಕದ ಸಾಮಾನಲ್ಲಿ ಸಣ್ಣ ಸಣ್ಣ ಬಿರುಕು ಕಂಡ್ರೆ ವಾಪಸ್ ಕೊಟ್ಟುಬಿಡಿ, ಸತುವಿನ ಮಿಶ್ರಣದಲ್ಲಿ ಸೀಸ ಸೇರ್ಕೊಂಡು ಲೋಹವೇ ಒಳಗಿಂದ ಪುಡಿಯಾಗ್ತಿರುತ್ತೆ, ಅದಕ್ಕೆ ಮದ್ದಿಲ್ಲ.

ಚಕ್ರ ಬೆರಳಲ್ಲಿ ತಿರುಗ್ಲಿಲ್ಲ ಅಂತ ಮಾತ್ರ ಬಿಡಬೇಡಿ. ಹಳೇ ಇಂಜಿನ್‌ಗಳಲ್ಲಿ ಬಹಳಷ್ಟಕ್ಕೆ ವರ್ಮ್ ಗೇರ್ ಇರುತ್ತೆ, ಮೋಟರ್ ಚಕ್ರವನ್ನ ತಿರುಗಿಸುತ್ತೆ, ಚಕ್ರ ಮೋಟರನ್ನ ತಿರುಗಿಸಲ್ಲ. ಬಲವಂತ ಮಾಡಿದ್ರೆ ಗೇರಿನ ಹಲ್ಲು ಮುರಿಯುತ್ತೆ. ಆನ್‌ಲೈನಲ್ಲಿ ತಗೊಳ್ಳೋದಾದ್ರೆ ಎರಡೂ ಪಕ್ಕದ್ದು, ಅಡಿಯದ್ದು ಫೋಟೋ ಕೇಳಿ ತಗೊಳ್ಳಿ. ನನಗೊಬ್ರು ಬರೀ ಎಡಗಡೆ ಫೋಟೋ ಕಳಿಸಿದ್ರು, ಡಬ್ಬಿ ಬಿಚ್ಚಿದ್ರೆ ಬಲಗಡೆ ಚಕ್ರಗಳನ್ನ ಜೋಡಿಸೋ ಸೈಡ್ ರಾಡೇ ಇಲ್ಲ, ಅದೊಂದು ತುಂಡು ಹುಡುಕೋಕೆ ಎಂಟು ತಿಂಗಳು ಹಿಡೀತು.

ಇಂಜಿನ್ ಬಿಚ್ಚೋದು

ನನ್ನ ಮೇಜಿನ ಮೇಲಿರೋದು ಟ್ರೈಯಾಂಗ್ ಹಾರ್ನ್‌ಬಿ ಅನ್ನೋ ಬ್ರಿಟನ್ ಬ್ರಾಂಡಿನ ಜಿಂಟಿ, ಆರು ಚಕ್ರದ ಪುಟ್ಟ ಕಪ್ಪು ಟ್ಯಾಂಕ್ ಇಂಜಿನ್. ಅದನ್ನೇ ಇಟ್ಕೊಂಡು ಹೇಳ್ತೀನಿ. ಬಿಚ್ಚೋಕೆ ಮುಂಚೆ ಪಕ್ಕದಲ್ಲಿ ಒಂದು ಇಡ್ಲಿ ತಟ್ಟೆ ಇಟ್ಕೊಳ್ಳಿ. ಮೊದಲು ಬಿಚ್ಚಿದ ಸ್ಕ್ರೂ ಮೊದಲ ಗುಳಿಗೆ, ಎರಡನೇದು ಎರಡನೇ ಗುಳಿಗೆ, ಹೀಗೆ ಸುತ್ತಾ ಹೋದ್ರೆ ವಾಪಸ್ ಜೋಡಿಸುವಾಗ ತಲೆಬಿಸಿ ಇಲ್ಲ. ಪ್ರತಿ ಹಂತಕ್ಕೂ ಮೊಬೈಲಲ್ಲಿ ಒಂದು ಫೋಟೋ ತಗೊಳ್ತಾ ಹೋಗಿ.

ಮೇಲಿನ ಕವಚ ತೆಗೆದ್ರೆ ಮೋಟರ್ ತೆರೆದೇ ಕಾಣುತ್ತೆ, ಎಕ್ಸ್‌ಓ4 ಅಂತ ಅದರ ಹೆಸರು. ಮೊದಲು ಆಕ್ಸಲ್ ನೋಡಿ. ನನ್ನ ಜಿಂಟಿಯ ಆಕ್ಸಲ್‌ಗೆ ಕೆಂಪು ಉಣ್ಣೆ ಎಳೆ ಬಿಗಿಯಾಗಿ ಸುತ್ಕೊಂಡಿತ್ತು, ಇಂಗ್ಲೆಂಡಿನ ಯಾವ್ದೋ ಮನೆ ಕಾರ್ಪೆಟ್ ಮೇಲೆ ಯಾವ್ದೋ ಮಗು ಓಡಿಸಿರ್ಬೇಕು. ಚಿಮ್ಟದಲ್ಲಿ ಹಿಡ್ದು ಒಂದೊಂದೇ ಎಳೆ ಬಿಡಿಸ್ದೆ, ಅರ್ಧ ಗಂಟೆ ಆಯ್ತು, ಅದನ್ನ ಇನ್ನೂ ಒಂದು ಪೊಟ್ಟಣದಲ್ಲಿ ಇಟ್ಟಿದ್ದೀನಿ.

ಆಮೇಲೆ ಕಮ್ಯುಟೇಟರ್, ಅಂದ್ರೆ ಕಾರ್ಬನ್ ಬ್ರಷ್ ಒತ್ತಿಕೊಳ್ಳೋ ಆ ತಾಮ್ರದ ಉರುಳೆ. ಅದು ಮೂರು ಭಾಗ ಆಗಿರುತ್ತೆ, ನಡುವೆ ಮೂರು ಸಣ್ಣ ಸೀಳು, ಆ ಸೀಳಲ್ಲಿ ಕಾರ್ಬನ್ ಪುಡಿ ತುಂಬ್ಕೊಂಡ್ರೆ ಕರೆಂಟು ಒಂದರಿಂದ ಇನ್ನೊಂದಕ್ಕೆ ಹಾರಿ ಮೋಟರ್ ಬಿಸಿಯಾಗುತ್ತೆ, ತಿರುಗಲ್ಲ. ಹಲ್ಲುಕಡ್ಡಿಯಿಂದ ಸೀಳನ್ನ ಮೆಲ್ಲಗೆ ಕೆರೀರಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಅದ್ದಿದ ಇಯರ್‌ಬಡ್ಡಲ್ಲಿ ಒರೆಸಿ. ಮೊದಲ ಬಡ್ ಕಾಡಿಗೆ ಥರ ಬರುತ್ತೆ, ಐದಾರನೇದು ಬೆಳ್ಳಗೆ ಬರೋವರೆಗೂ ಬಿಡಬೇಡಿ, ತಾಮ್ರ ಹೊಳೀಬೇಕು. ಒಳಗಿನ ಆರ್ಮೇಚರನ್ನ, ಅಂದ್ರೆ ತಂತಿ ಸುತ್ತಿದ ತಿರುಗೋ ಭಾಗವನ್ನ ಮಾತ್ರ ಪೂರ್ತಿ ಹೊರಗೆ ಎಳೀಬೇಡಿ, ಈ ಹಳೇ ಮೋಟರ್‌ಗಳಲ್ಲಿ ಆರ್ಮೇಚರ್ ಹೊರಗೆ ಬಂದ್ರೆ ಮ್ಯಾಗ್ನೆಟ್ಟಿನ ಶಕ್ತಿ ಕುಂದಿಬಿಡುತ್ತೆ. ಮ್ಯಾಗ್ನೆಟ್ ದುರ್ಬಲ ಆದ್ರೆ ಇಂಜಿನ್ ಜಾಸ್ತಿ ಕರೆಂಟು ತಿಂದು ಕಮ್ಮಿ ಎಳೆಯುತ್ತೆ.

ಈಗ 9 ವೋಲ್ಟಿನ ಚೌಕ ಬ್ಯಾಟರಿಯಿಂದ ಎರಡು ವೈರ್ ತಂದು ಮೋಟರಿನ ಎರಡು ಕಡೆಗೂ ಮುಟ್ಟಿಸಿ. ಸಣ್ಣಗೆ ಗುಯ್ ಅಂದ್ರೆ ಸಾಕು, ಜೀವ ಇದೆ. ಗಟ್ಟಿಯಾದ ಹಳೇ ಎಣ್ಣೆನ ಅದೇ ಆಲ್ಕೊಹಾಲಲ್ಲಿ ತೊಳೆದು, ಸೂಜಿ ತುದಿಯಲ್ಲಿ ನಿಲ್ಲೋಷ್ಟು ಹೊಲಿಗೆ ಮಷಿನ್ ಎಣ್ಣೆ ಒಂದೊಂದು ಬೇರಿಂಗ್‌ಗೆ ಮುಟ್ಟಿಸಿ. ಎಣ್ಣೆ ಜಾಸ್ತಿ ಹಾಕೋದೇ ಎಲ್ಲರೂ ಮಾಡೋ ತಪ್ಪು, ಅದು ಹರಿದು ಕಮ್ಯುಟೇಟರ್ ಮೇಲೆ ಹೋದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕು.

ಚಕ್ರ ಒರೆಸೋಕೆ ಸುಲಭದ ಉಪಾಯ ಇದೆ. ಟಿಶ್ಯೂ ಪೇಪರನ್ನ ಆಲ್ಕೊಹಾಲಲ್ಲಿ ನೆನೆಸಿ ಹಳಿ ಮೇಲೆ ಅಡ್ಡ ಹಾಸಿ, ಇಂಜಿನ್ನಿನ ಅರ್ಧ ಚಕ್ರ ಅದರ ಮೇಲೆ, ಇನ್ನರ್ಧ ಬರೀ ಹಳಿ ಮೇಲೆ ಇರೋ ಹಾಗೆ ಹಿಡಿದು ಕರೆಂಟು ಕೊಡಿ. ಟಿಶ್ಯೂ ಮೇಲೆ ಎರಡು ಕಪ್ಪು ಗೆರೆ ಬೀಳುತ್ತೆ. ಹಳಿನ ಸ್ಯಾಂಡ್‌ಪೇಪರಲ್ಲಿ ಉಜ್ಜಬೇಡಿ, ಗೀರು ಬಿದ್ದ ಕಡೆಯೆಲ್ಲಾ ಕೊಳೆ ಇನ್ನೂ ಬೇಗ ಕೂರುತ್ತೆ. ಹೊಸ ಹಳಿ ಕೊಳ್ಳೋದಾದ್ರೆ ಕೋಡ್ 100, ಅಂದ್ರೆ 0.1 ಇಂಚು ಎತ್ತರದ್ದು ತಗೊಳ್ಳಿ. ಕೋಡ್ 75 ನೋಡೋಕೆ ಚಂದ, ಆದ್ರೆ ಹಳೇ ಇಂಜಿನ್‌ಗಳ ಚಕ್ರದ ಅಂಚು ದಪ್ಪ, ಸ್ಲೀಪರ್ ಮೇಲಿನ ಹಿಡಿಕೆಗೆ ಟಕಟಕ ಬಡಿಯುತ್ತೆ.

ಬಣ್ಣದ ವಿಷ್ಯಕ್ಕೆ ಬಂದ್ರೆ, ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸೋಪು, ಹಳೇ ಟೂತ್‌ಬ್ರಷ್ ಸಾಕು. ಥಿನ್ನರ್, ನೇಲ್‌ಪಾಲಿಶ್ ರಿಮೂವರ್ ತಾಗಿಸಿದ್ರೆ ಪ್ಲಾಸ್ಟಿಕ್ಕೇ ಕರಗುತ್ತೆ. ಹೊಸದಾಗಿ ಪೇಂಟ್ ಹೊಡೀಬೇಡಿ ಅಂತ ನಾನು ಕೈಮುಗಿದು ಕೇಳ್ಕೊಳ್ತೀನಿ. ಸವೆದ ನಂಬರು, ಅಂಚಲ್ಲಿ ಹೋದ ಕಪ್ಪು, ಅದೆಲ್ಲಾ ಯಾರೋ ಪ್ರೀತಿಯಿಂದ ಆಡಿದ ಗುರುತು.

ಘಾಟಿ ಕಟ್ಟೋದು

ರೈಲು ಓಡ್ತು, ಈಗ ಅದಕ್ಕೊಂದು ಊರು ಬೇಕು. ನಾನು ಆರಿಸ್ಕೊಂಡಿದ್ದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ, ಸುಮಾರು 55 ಕಿಲೋಮೀಟರ್, 57 ಸುರಂಗ, ಪ್ರತಿ 50 ಅಡಿಗೆ 1 ಅಡಿ ಏರು. 1979ರಲ್ಲಿ ಮೀಟರ್ ಗೇಜಾಗಿ ಶುರುವಾದ ದಾರಿ ಅದು, ಆಮೇಲೆ ಬ್ರಾಡ್ ಗೇಜ್ ಆಯ್ತು. ಇಂಗ್ಲೆಂಡಿನ ಜಿಂಟಿ ಅಲ್ಲಿ ಓಡಿದ್ದಿಲ್ಲ, ಗೊತ್ತು, ಆದ್ರೆ ನನಗೆ ರೈಲು ಅಂದ್ರೆ ಕಣ್ಮುಂದೆ ಬರೋದೇ ಆ ಸುರಂಗದ ಬಾಯಿ. ಹಗಲು ರೈಲಲ್ಲಿ ಒಂದ್ಸಲ ಹೋಗಿ ಕಿಟಕಿಯಿಂದ ಫೋಟೋ ತೆಗೀರಿ, ಹಳಿ ಮೇಲೆ ನಡ್ಕೊಂಡು ಹೋಗೋ ಸಾಹಸ ಬೇಡ, ಅದು ಕಾನೂನಿಗೆ ವಿರುದ್ಧ, ಸುರಂಗದೊಳಗೆ ರೈಲು ಬಂದ್ರೆ ನಿಲ್ಲೋಕೆ ಜಾಗ ಸಿಗೋದೂ ಕಷ್ಟ.

8 ಅಡಿಗೆ 4 ಅಡಿ ಪ್ಲೈವುಡ್ ಒಂದು ಹಾಳೆ ಸಾಕು. ಘಾಟಿ ಅಂದ್ರೆ ಹಳಿನೇ ಏರಿಸ್ಬೇಕು ಅಂತ ಎಲ್ಲರೂ ಹೊರಡ್ತಾರೆ, ಲೆಕ್ಕ ಹಾಕಿ ನೋಡಿ: ಒಂದು ಹಳಿ ಇನ್ನೊಂದರ ಮೇಲೆ ಹಾಯ್ದು ಹೋಗೋಕೆ 8 ಸೆಂಟಿಮೀಟರ್ ಎತ್ತರ ಬೇಕು, 50ಕ್ಕೆ 1ರ ಏರಲ್ಲಿ ಅದಕ್ಕೆ 4 ಮೀಟರ್ ಹಳಿ ಬೇಕು, ಇಳಿಯೋಕೆ ಇನ್ನೊಂದು 4 ಮೀಟರ್. ಅಷ್ಟು ಜಾಗ ಈ ಹಾಳೆ ಮೇಲೆ ಒಂದು ಸುತ್ತಲ್ಲಿ ಸಿಗಲ್ಲ, ಸಿಕ್ಕಿದ್ರೂ ಹಳೇ ಇಂಜಿನ್ ತಿರುವಲ್ಲಿ ಜಾರುತ್ತೆ. ಹಳಿ ಮಟ್ಟವಾಗೇ ಇರ್ಲಿ, ಅದರ ಪಕ್ಕದ ನೆಲ ಇಳೀಲಿ. ಪ್ಲೈವುಡ್ಡಲ್ಲಿ ಒಂದು ಕಡೆ ಕೊರೆದು ಹಳ್ಳ ಮಾಡಿ, ಇನ್ನೊಂದು ಕಡೆ ಥರ್ಮೋಕೋಲ್ ಪೇರಿಸಿ ಬೆಟ್ಟ ಮಾಡಿ, ಕಣ್ಣಿಗೆ ಪೂರ್ತಿ ಘಾಟಿನೇ ಕಾಣುತ್ತೆ. ಥರ್ಮೋಕೋಲ್ ಮೇಲೆ ಪಿಓಪಿ ನೀರಲ್ಲಿ ಅದ್ದಿದ ಬ್ಯಾಂಡೇಜ್ ಬಟ್ಟೆ ಹಾಸಿದ್ರೆ ಬೆಟ್ಟದ ಚರ್ಮ ತಯಾರು. ಸುರಂಗದ ಹಿಂಭಾಗದಲ್ಲಿ ಕೈ ತೂರೋಷ್ಟು ತೂತು ಬಿಡೋದು ಮರೀಬೇಡಿ, ಹಳಿ ತಪ್ಪೋ ಬೋಗಿ ಯಾವಾಗ್ಲೂ ಒಳಗೇ ತಪ್ಪೋದು.

ಮಣ್ಣು ಮಾತ್ರ ಅಂಗಡಿದು ಬೇಡ, ಆ ಕಡೆಯದ್ದೇ ತನ್ನಿ. ಒಂದು ಕವರ್ ಕೆಂಪು ಮಣ್ಣು ತಂದು ಬಾಣಲೆಯಲ್ಲಿ ಹುರೀರಿ, ತೇವ, ಹುಳ ಹೋಗುತ್ತೆ. ಟೀ ಜರಡಿಯಲ್ಲಿ ಸೋಸಿ. ಆಮೇಲೆ ಒಂದು ಮ್ಯಾಗ್ನೆಟ್ಟನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಮಣ್ಣಿನ ಮೇಲೆ ನಾಲ್ಕೈದು ಸಲ ಎಳೀರಿ, ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣದ ಅಂಶ ಇರುತ್ತೆ, ಕವರಿಗೆ ಕಪ್ಪು ಕೂದಲ ಥರ ಅಂಟ್ಕೊಂಡು ಬರುತ್ತೆ. ಇದನ್ನ ತೆಗೀದೆ ಹಾಗೇ ಹಾಕಿದ್ರೆ ಅಷ್ಟೂ ಮೋಟರಿನ ಮ್ಯಾಗ್ನೆಟ್ಟಿಗೆ ಹೋಗಿ ಅಂಟುತ್ತೆ. ಹಳಿ ಮಧ್ಯದ ಜಲ್ಲಿಗೂ ಇದೇ ಪರೀಕ್ಷೆ ಮಾಡಿ. ಅಂಟಿಸೋಕೆ ಫೆವಿಕಾಲ್ ಅರ್ಧ, ನೀರು ಅರ್ಧ, ಒಂದು ಹನಿ ಪಾತ್ರೆ ಸೋಪು. ಮೊದಲು ಸೋಪಿನ ನೀರು ಸ್ಪ್ರೇ ಮಾಡಿ, ಆಮೇಲೆ ಇಂಕ್ ಫಿಲ್ಲರಲ್ಲಿ ಅಂಟನ್ನ ಹನಿ ಹನಿಯಾಗಿ ಬಿಡಿ. ಸೋಪು ಇಲ್ದಿದ್ರೆ ಹನಿ ಮೇಲೇ ಉಂಡೆಯಾಗಿ ನಿಂತು ಜಲ್ಲಿನೆಲ್ಲಾ ಎಬ್ಬಿಸಿಬಿಡುತ್ತೆ.

ಕಾಡಿಗೆ ಮರದ ಹೊಟ್ಟನ್ನ ಮೂರು ಬೇರೆ ಬೇರೆ ಹಸಿರಲ್ಲಿ ಬಣ್ಣ ಕಟ್ಟಿ ಒಣಗಿಸಿ, ಮಲೆನಾಡಿನ ಹಸಿರು ಯಾವತ್ತೂ ಒಂದೇ ಅಲ್ಲ. ಪಾತ್ರೆ ಉಜ್ಜೋ ನಾರು, ತೆಂಗಿನ ನಾರು ಪೊದೆಗೆ ಆಗುತ್ತೆ. ಅಡಿಕೆ ಮರ ಮಾಡೋದು ನನಗೆ ತುಂಬಾ ಇಷ್ಟ: 15 ಮೀಟರ್ ಮರ ಎಚ್‌ಓದಲ್ಲಿ 17 ಸೆಂಟಿಮೀಟರ್ ಬರುತ್ತೆ, ಅದರ ಬುಡದಲ್ಲಿ ನಿಲ್ಲಿಸೋ ಮನುಷ್ಯ 2 ಸೆಂಟಿಮೀಟರ್. ಹಳೇ ಕರೆಂಟ್ ವೈರಿನ ತಾಮ್ರದ ಎಳೆ ಹೊಸೆದು, ಮೇಲೆ ಮಾಸ್ಕಿಂಗ್ ಟೇಪ್ ಸುತ್ತಿ, ಬೂದು ಬಣ್ಣ ಹಚ್ಚಿ, ಉಗುರಿಂದ ಸುತ್ತಲೂ ಗೆರೆ ಒತ್ತಿದ್ರೆ ಅಡಿಕೆ ಮರದ ಗಂಟು ಹಾಗೇ ಬರುತ್ತೆ. ಗರಿಗೆ ಕಾಗದ. ಒಂಟಿ ಮರ ನೆಡಬೇಡಿ, ಹನ್ನೆರಡಾದ್ರೂ ಒಟ್ಟಿಗೆ ಇರ್ಲಿ, ತೋಟ ಅನ್ನಿಸ್ಬೇಕು. ರಟ್ಟಿನ ಡಬ್ಬಿಯ ಮೇಲ್ಪದರ ಒದ್ದೆ ಮಾಡಿ ಸುಲಿದ್ರೆ ಒಳಗಿನ ಏರಿಳಿತವೇ ಹಂಚಿನ ಮಾಡು.

ಅಂಟು ಒಣಗೋಕೆ ಪೂರ್ತಿ ಒಂದು ದಿನ ಕೊಡಿ, ಹಳಿ ಮೇಲ್ಭಾಗ ಒರೆಸಿ, ಆಮೇಲಷ್ಟೇ ಓಡಿಸಿ. ಮಳೆಗಾಲದಲ್ಲಿ ಮೇಲೊಂದು ಹಳೇ ಹತ್ತಿ ಸೀರೆ ಹೊದಿಸಿಡಿ. ವಾರಕ್ಕೊಮ್ಮೆ ಹತ್ತು ನಿಮಿಷ ಇಂಜಿನ್ ಓಡ್ಬೇಕು, ಇಲ್ದಿದ್ರೆ ಎಣ್ಣೆ ಮತ್ತೆ ಗಟ್ಟಿಯಾಗುತ್ತೆ, ನಮ್ಮ ಮನೇಲಿ ಅದಕ್ಕೆ ಭಾನುವಾರ ಬೆಳಗ್ಗೆ ಕಾಫಿ ಹೊತ್ತು, ಜಿಂಟಿಯ ಹಿಂದೆ ಮೂರು ಬೋಗಿ.