ಪತ್ರಿಕೆಗಳಲ್ಲಿ ಅಚ್ಚಾಗದ ಪ್ರಯೋಗಗಳನ್ನು ನಾನು ಹುಡುಕಿದ ಬಗೆ

ಮೂಡಿಗೆರೆಯಲ್ಲಿದ್ದುಕೊಂಡು ಅರೇಬಿಕಾ ಕಾಫಿಯ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಎಂಬ ಕೀಟದ ಬಗ್ಗೆ ಪಿಎಚ್.ಡಿ. ಆರಂಭಿಸಿದಾಗ, ಮೊದಲ ಮೂರು ತಿಂಗಳು ನಾನು ಓದಿದ್ದು ಸಂಶೋಧನಾ ಪತ್ರಿಕೆಗಳ ಲೇಖನಗಳನ್ನು ಮಾತ್ರ. ಅವುಗಳಲ್ಲಿ ಕೀಟ ತಡೆಯುವ ಹೆಚ್ಚುಕಡಿಮೆ ಎಲ್ಲ ಉಪಚಾರಗಳೂ ಫಲ ಕೊಟ್ಟಿದ್ದವು; ನಮ್ಮ ಸುತ್ತಲಿನ ಬೆಳೆಗಾರರ ಅನುಭವ ಹಾಗಿರಲಿಲ್ಲ. ಈ ಅಂತರವನ್ನು ವಿಶ್ವವಿದ್ಯಾಲಯದ ಗ್ರಂಥಪಾಲಕಿಯವರ ಮುಂದೆ ಹೇಳಿಕೊಂಡಾಗ ಅವರು, “ಫಲ ಕೊಡದ ಪ್ರಯೋಗ ಪತ್ರಿಕೆಗೆ ಬರೋದು ಕಡಿಮೆ. ಪ್ರಬಂಧಗಳನ್ನ, ವಾರ್ಷಿಕ ವರದಿಗಳನ್ನ ನೋಡಿದ್ದೀರಾ?” ಎಂದು ಕೇಳಿದರು. ನಾನು ನೋಡಿರಲಿಲ್ಲ.

ವಾಣಿಜ್ಯ ಪ್ರಕಾಶಕರ ಕೈಗೆ ಹೋಗದೆ ಸರ್ಕಾರ, ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರಗಳಿಂದ ಹೊರಬರುವ ಇಂಥ ಬರಹಕ್ಕೆ ಗ್ರೇ ಲಿಟರೇಚರ್ ಎನ್ನುತ್ತಾರೆ. ಹೆಸರು ಹೊಸದಾದರೂ ವಸ್ತು ಹಳೆಯದು: ನನ್ನ ಕೀಟದ ಬಗ್ಗೆ ಜಾರ್ಜ್ ಬೀಡಿ ಅವರು ಬರೆದ ಸರ್ಕಾರಿ ವರದಿ ಮದ್ರಾಸಿನಲ್ಲಿ ಅಚ್ಚಾದದ್ದು 1869ರಲ್ಲಿ.

ಪಿಎಚ್.ಡಿ. ಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಹುಡುಕಿದೆ. ಆದರೆ ನನಗೆ ಹೆಚ್ಚು ನೆರವಾದದ್ದು ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿರುವ ಕೃಷಿಕೋಶ. ತೋಟದಲ್ಲಿ ಒಂದೆರಡು ಹಂಗಾಮು ನಡೆದ ಎಷ್ಟೋ ಪ್ರಯೋಗಗಳು ಎಂ.ಎಸ್ಸಿ. ಪ್ರಬಂಧದಿಂದ ಆಚೆಗೆ ಹೋಗಿರುವುದಿಲ್ಲ.

ಹುಡುಕುವ ಪದಗಳಿಗೇ ನಾನು ಒಂದು ವಾರ ವ್ಯಯಿಸಿದೆ, ಅದು ವ್ಯರ್ಥವಾಗಲಿಲ್ಲ. ನಮ್ಮ ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಗಿದ್ದರಿಂದ, ‘ಚಿಕ್ಕಮಗಳೂರು’ ಎಂದು ಮಾತ್ರ ಹುಡುಕಿದರೆ ‘ಚಿಕ್‌ಮಗಳೂರ್’ ಎಂದು ದಾಖಲಾದ ಹಿಂದಿನ ವರದಿಗಳು ಕಾಣಿಸುವುದೇ ಇಲ್ಲ. ಕೀಟದ ಹೆಸರೂ ಹಾಗೆಯೇ: ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್ ಎಂಬ ವೈಜ್ಞಾನಿಕ ಹೆಸರು, ವೈಟ್ ಸ್ಟೆಮ್ ಬೋರರ್, ಹಳೆಯ ಕಡತಗಳಲ್ಲಾದರೆ ಬರಿಯ ಬೋರರ್. ಯಾವ ಪದಕ್ಕೆ ಎಲ್ಲಿ, ಯಾವ ದಿನ ಏನು ಸಿಕ್ಕಿತೆಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಸಿಕ್ಕಿದ ಪಿಡಿಎಫ್ ಅನ್ನು ಅಂದೇ ಇಳಿಸಿಕೊಂಡೆ. ಒಂದು ಸಂಸ್ಥೆಯ ಜಾಲತಾಣ ನವೀಕರಣಗೊಂಡಾಗ ಅದರ ಹಳೆಯ ವರದಿಗಳ ಕೊಂಡಿಗಳೆಲ್ಲ ಮುರಿದುಬಿದ್ದವು, ಆಗ ಕೆಲವನ್ನು ಹಳೆಯ ಜಾಲಪುಟಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಿಂದ ಮರಳಿ ಪಡೆಯಬೇಕಾಯಿತು. ಅಂತರ್ಜಾಲದಲ್ಲಿ ಇಲ್ಲದವನ್ನು ಗ್ರಂಥಪಾಲಕಿಯವರು ಅಂತರ-ಗ್ರಂಥಾಲಯ ಎರವಲಿನ ಮೂಲಕ ತರಿಸಿಕೊಟ್ಟರು.

ಸಿಕ್ಕಿದ್ದನ್ನೆಲ್ಲ ನಂಬುವಂತಿಲ್ಲ. ಫ್ಲಿಂಡರ್ಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಆ್ಯಕಾಡ್ಸ್ ಎಂಬ ಪರಿಶೀಲನಾ ಪಟ್ಟಿಯನ್ನು ಹಿಡಿದು ಬರೆದವರು ಯಾರು, ವಿಧಾನ ಸ್ಪಷ್ಟವಿದೆಯೇ, ದಿನಾಂಕವಿದೆಯೇ, ಒಲವೇನಾದರೂ ಇದೆಯೇ ಎಂದು ಪ್ರತಿಯೊಂದನ್ನೂ ನೋಡಿದೆ.

ಹಾಗೆ ನೋಡುವಾಗ ಒಂದು ಎಂ.ಎಸ್ಸಿ. ಪ್ರಬಂಧದ ಕೋಷ್ಟಕದಲ್ಲಿ, ಕಾಂಡಕ್ಕೆ ಸುಣ್ಣ ಬಳಿದ ಗಿಡಗಳಿಗೂ ಬಳಿಯದ ಗಿಡಗಳಿಗೂ ಕೊರಕದ ಬಾಧೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅದರ ಕೃತಜ್ಞತೆಯ ಪುಟದಲ್ಲಿ ತೋಟದ ಮಾಲೀಕರ ಹೆಸರಿತ್ತು. ವಿಳಾಸ ವಿಚಾರಿಸಿಕೊಂಡು ಹೋದೆ. ಆ ಹಿರಿಯರು ರಟ್ಟು ಸವೆದ ತೋಟದ ಡೈರಿಯನ್ನು ತೆಗೆದು, ಬೆರಳಿಟ್ಟು ಒಂದು ಸಾಲನ್ನು ತೋರಿಸಿದರು: ಪ್ರಯೋಗದ ನಡುವೆ, ಸುಣ್ಣ ಬಳಿದ ಗಿಡಗಳಿದ್ದ ಪಟ್ಟಿಯಲ್ಲಿ ಮಾತ್ರ ನೆರಳಿನ ಮರವಾದ ಹಾಲುವಾಣದ ಮರಗಸಿ, ಅಂದರೆ ಕೊಂಬೆ ಸವರುವ ಕೆಲಸ, ಮಾಡಿಸಿದ್ದರು. ನೆರಳು ಕಡಿಮೆಯಾಗಿ ಬಿಸಿಲು ಬಿದ್ದ ಕಡೆ ಈ ಕೀಟದ ಹಾವಳಿ ಹೆಚ್ಚು; ಸುಣ್ಣದ ಫಲವೇನಾದರೂ ಇದ್ದಿದ್ದರೆ ಅದು ಹೀಗೆ ಮರೆಯಾಗಿರಬಹುದು. ಈಗ ನನ್ನ ಎರಡನೆಯ ಅಧ್ಯಾಯದಲ್ಲಿ ಆ ಕೋಷ್ಟಕವೂ ಇದೆ, ಅವರ ಒಪ್ಪಿಗೆ ಪಡೆದು ಅದರ ಕೆಳಗೆ ಸೇರಿಸಿದ ಡೈರಿಯ ಆ ಸಾಲೂ ಇದೆ.